ಎಂಟ ದಿನದ ಸೇವೆ, ಬಾರದ ಪತ್ರ

ನಮ್ಮ ತಂಗಿ ಮಗಳು ಅಮೆರಿಕಾದಾಗ ಯೂನಿವರ್ಸಿಟಿ ಓದ್ತಾಳ ಅನ್ನೂದು ನಿಮಗೆಲ್ಲಾ ಗೊತ್ತೈತಿ. ಹೋದ ವರ್ಷ ಮಾರ್ಚ್ ತಿಂಗಳದಾಗ ಅಕಿಗೆ ವಾರದ ಸೂಟಿ ಇತ್ತು. ಅದಕ್ಕೂ ಮೊದಲ ಬಳಗದವರಿಗೆಲ್ಲಾ ವಾಟ್ಸಾಪ್‌ನಾಗ ಒಂದು ಪತ್ರ ಹಾಕಿದ್ಲು. "ದೊಡ್ಡವ್ವಾ, ನಮ್ಮ ಕಾಲೇಜಿನ ಕ್ರೈಸ್ತ ಹುಡುಗ್ರು ಇಪ್ಪತ್ತ ಮಂದಿ ಹೊಂಡುರಾಸ್ ದೇಶಕ್ಕ ಎಂಟ ದಿನ ಮಿಷನ್ ಸೇವಾಕ್ಕ ಹೊಂಟೀವಿ. ಒಬ್ಬೊಬ್ಬರಿಗೆ ಎರಡ ಸಾವಿರ ಡಾಲರ್ ಬೇಕು. ನಿಮ್ಮ ಕೈಲಾದಷ್ಟು ಕೊಡ್ರಿ, ಪ್ರಾರ್ಥನಾ ಮಾಡ್ರಿ."

ನನ್ನ ಭಿಶಿ ಆಗ ತಾನ ಎತ್ತಿತ್ತು. ಅದರಾಗಿಂದ ಐದ ಸಾವಿರ ರೂಪಾಯಿ ಕಳಿಸಿದೆ. ದೇವರ ಕೆಲಸಕ್ಕ ಕೊಡೂದು, ಲೆಕ್ಕ ಏನ್ ಕೇಳೂದು ಅಂತ ಸುಮ್ಮನಾದೆ. ಈಗ ಅನಸ್ತೈತಿ, ಕೇಳಬೇಕಾಗಿತ್ತು.

ಕ್ರಿಸ್ಮಸ್‌ಗೆ ಧಾರವಾಡಕ್ಕ ಬಂದಾಗ ಅಕಿ ನಾ ರೊಟ್ಟಿ ಬಡಿಯೂ ಮುಂದ ಕಟ್ಟಿ ಮ್ಯಾಲ ಕುಂತು ಎಲ್ಲಾ ಹೇಳಿದ್ಲು. ಸಾಲಿ ಗ್ವಾಡಿಗೆ ಬಣ್ಣ ಹಚ್ಚಿದರಂತ. "ನಾ ಜಲ್ಮದಾಗ ಬ್ರಷ್ ಹಿಡದಾಕಿ ಅಲ್ಲ ದೊಡ್ಡವ್ವಾ. ಬಾಜೂಕ ಆ ಊರ ಗೌಂಡ್ಯಾರು ಇಬ್ಬರು ಸುಮ್ಮನ ನಿಂತು ನೋಡ್ತಿದ್ರು. ಅವರಿಗೆ ಅವತ್ತು ಕೆಲಸ ಇದ್ದಿಲ್ಲ." ಅಲ್ಲಿ ಮಂದಿ ಮಾತು ಸ್ಪ್ಯಾನಿಷ್. ಇವರಿಗೆ ಬರೂದು ನಾಕ ಶಬ್ದ. ಸಣ್ಣ ಹುಡುಗಿ ಒಬ್ಬಾಕಿ ಎಂಟೂ ದಿನ ಇಕಿ ಕೈ ಬಿಟ್ಟಿಲ್ಲಂತ. ಹೊಂಡೂ ದಿನ ಮತ್ತ ಯಾವಾಗ ಬರತಿ ಅಂತ ಕೇಳಿದಳಂತ. ಇಕಿ "ಬರತೀನಿ" ಅಂದು ಬಸ್ ಹತ್ತಿ ಬಂದಾಳ.

ವಾಪಸ್ ಹೋದಮ್ಯಾಲ ಅಕಿಗೆ ಕ್ಲಾಸಿನಾಗ ಒಂದು ಬರಹ ಓದಾಕ ಕೊಟ್ರಂತ. 1998ರಾಗ ಮಿಚ್ ಅನ್ನೂ ಚಂಡಮಾರುತ ಬಂದು ಹೊಂಡುರಾಸ್‌ನಾಗ ಮನಿ ಎಲ್ಲಾ ಬಿದ್ದಿದ್ವು. ಆಮ್ಯಾಲ ಅಮೆರಿಕಾ ಕಡೆಯ ಗುಂಪು ಬಂದು ಮನಿ ಕಟ್ಟಿದ್ರು, ಅಲ್ಲಿನವರೂ ಕಟ್ಟಿದ್ರು. ಕರ್ಟ್ ವರ್ ಬೀಕ್ ಅನ್ನೂ ಪ್ರೊಫೆಸರು ಎರಡನ್ನೂ ತಾಳೆ ಹಚ್ಚಿ 2006ರಾಗ ಬರದಾರ. ಊರವರು ಕಟ್ಟಿದ ಮನಿಗೆ ಸುಮಾರು 2,000 ಡಾಲರ್. ಹೊರಗಿನ ಗುಂಪು ಕಟ್ಟಿದ್ದಕ್ಕ ವಿಮಾನದ ಖರ್ಚು ಎಲ್ಲಾ ಹಿಡದು ಸುಮಾರು 30,000. ಅಂದ್ರ ಒಂದು ಮನಿ ರೊಕ್ಕದಾಗ ಹದಿನೈದು ಮನಿ ಆಗ್ತಿದ್ವು. ಬರದವರು ಸೇವಾದ ವೈರಿ ಅಲ್ಲ, ಅವರೂ ಕ್ರೈಸ್ತರ.

ನಮ್ಮ ತಂಗಿಗೆ ಈ ಮಾತು ಸೇರಲಿಲ್ಲ. "ಹೋಗಿ ಬಂದಮ್ಯಾಲ ನನ್ನ ಮಗಳು ಎಷ್ಟು ಬದಲಾಗ್ಯಾಳ ನೋಡಕ್ಕ, ತಾಟಿನಾಗ ಒಂದಗಳು ಬಿಡಂಗಿಲ್ಲ" ಅಂದ್ಲು. ಖರೇನ. ಆದ್ರ ನಮ್ಮ ಹುಡುಗಿ ಅನ್ನದ ಬೆಲಿ ಕಲಿಯಾಕ ಆ ಊರ ಮಂದಿ ಯಾಕ ಬೇಕು? ಅದು ನಮ್ಮ ಕಲಿಕೆ. ಅದಕ್ಕ ಅವರ ಸೇವೆ ಅಂತ ಹೆಸರಿಟ್ಟು ಕಾಣಿಕೆ ಎತ್ತೂದು ನನಗ ಒಪ್ಪಂಗಿಲ್ಲ.

ನಾ ಹಿಂಗ ಅನ್ನಾಕ ಕಾರಣ ಐತಿ. ಇದನ್ನ ನಾ ಯಾರಿಗೂ ಹೇಳಿದ್ದಿಲ್ಲ. ಆರನೇ ಇಯತ್ತೆ ಇದ್ದಾಗ ನಾ ಬೋರ್ಡಿಂಗ್‌ನಾಗ ಇದ್ದೆ. ಒಮ್ಮೆ ಪರದೇಶದ ಹುಡುಗ ಹುಡುಗ್ಯಾರು ಹನ್ನೆರಡ ಮಂದಿ ಬಂದು ಹತ್ತ ದಿನ ಇದ್ರು. ಅವರು ಬರೂದಕ್ಕ ವಾರ ಮೊದಲ ನಾವು ನೆಲ ಸಾರಿಸಿದ್ವಿ, ಹಾಡು ಕಲತ್ವಿ. ಅವರಿಗಂತ ಕೋಳಿ ಕೊಯ್ದ್ರು, ನಮಗ ಸಾರು ಬಂತು. ಅವರು ಒಳ್ಳೇ ಮಂದಿ. ಗಿಟಾರ್ ಬಾರಿಸಿದ್ರು, ಬಲೂನ್ ಕೊಟ್ರು, ಫೋಟೊ ತಗದ್ರು.

ನನ್ನ ಬಾಜೂ ಚಾಪಿ ಮ್ಯಾಲ ಮಲಗೂ ಹುಡುಗಿಗೆ ಅವ್ವ ಇದ್ದಿಲ್ಲ. ಬಂದವರೊಳಗ ಒಬ್ಬಾಕಿ ದಿನಾ ಅಕಿ ತಲಿ ಬಾಚತಿದ್ಲು. ಹೊಂಡೂ ದಿನ "ಪತ್ರ ಬರೀತೀನಿ, ಮತ್ತ ಬರತೀನಿ" ಅಂದಳಂತ ನಮ್ಮ ಟೀಚರ್ ಕನ್ನಡದಾಗ ಹೇಳಿದ್ರು. ಅವತ್ತಿಂದ ಪೋಸ್ಟಮನ್ ಸೈಕಲ್ ಗಂಟಿ ಕೇಳಿದ್ರ ಸಾಕು, ಆ ಹುಡುಗಿ ಊಟದ ತಾಟು ಬಿಟ್ಟು ಓಡತಿದ್ಲು. ಬ್ಯಾಸಗಿ ಸೂಟಿ ತನಕ ಓಡಿದ್ಲು. ಆಮ್ಯಾಲ ಬಿಟ್ಲು. ತಲಿ ಬಾಚಾಕ ಯಾರರ ಹತ್ರ ಬಂದ್ರ ಕೈ ಝಾಡಸತಿದ್ಲು.

ಆ ಪರದೇಶದಾಕಿ ಸುಳ್ಳು ಹೇಳಿದಳಂತ ನಾ ಅನ್ನಂಗಿಲ್ಲ. ಊರಿಗೆ ಹೋದ್ಲು, ಪರೀಕ್ಷೆ ಬಂತು, ಮದುವಿ ಬಂತು, ಮರತ್ಲು. ಹತ್ತ ದಿನ ಅಕಿ ಪಾಲಿಗೆ ಒಂದು ನೆನಪು. ಕಾಯೂದು ಮಾತ್ರ ಈ ಹುಡುಗಿ ಪಾಲಿಗೆ ಬಂತು.

ನಾವು ಧಾರವಾಡದವರು ಕಿಟೆಲ್ ಹೆಸರಿನ ಕಾಲೇಜಿನ ಮುಂದ ದಿನಾ ಅಡ್ಡಾಡ್ತೀವಿ. ಅವರು ಬಾಸೆಲ್ ಮಿಷನ್ ಕಡಿಂದ 1853ರಾಗ ಬಂದವರು, ಬಂದದ್ದು ಸುವಾರ್ತೆ ಸಾರಾಕನ. ಆದ್ರ ಕುಂತು ನಮ್ಮ ಮಾತು ಕಲತ್ರು. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಾಗ. ನಡಕ ನಲವತ್ತೊಂದು ವರ್ಷ! ಈಗಿನ ಹುಡುಗ್ರು ಅಷ್ಟು ವರ್ಷ ಕೊಡ್ರಿ ಅನ್ನಾಕ ಆಗಂಗಿಲ್ಲ, ಅವರಿಗೂ ಓದು, ನೌಕರಿ ಅದಾವ. ಆದ್ರ ಹೋಗೂ ಮೊದಲ ಆ ಊರ ಮಂದಿ ಮಾತು ನಾಕ ತಿಂಗಳರ ಕಲಿಯಾಕ ಬರಂಗಿಲ್ಲೇನು?

ನಾ ಅಕಿಗೆ ಹೇಳಿದ್ದು ಇಷ್ಟ. ಹೋಗಬ್ಯಾಡ ಅನ್ನಂಗಿಲ್ಲ. ಮೊದಲ ಅವರನ್ನ ಕೇಳು, ನಿಮಗ ಏನ್ ಬೇಕು ಅಂತ. ಊರಾಗ ಗೌಂಡಿ ಇದ್ರ ಅವರ ಕೈಗೆ ಪಗಾರ ಕೊಡು, ಅವರ ಕಡಿಂದ ನೀ ಕೆಲಸ ಕಲಿ. ಕಲಿಯಾಕ ಹೊಂಟಿದ್ರ ಕಲಿಯಾಕ ಅಂತ ಬರದು ರೊಕ್ಕ ಕೇಳು, ಆಗೂ ಕೊಡ್ತೀನಿ. ಮತ್ತ ಬರೂದು ನಿನ್ನ ಕೈಯಾಗ ಇಲ್ಲಂದ್ರ ಕೂಸಿಗೆ "ಬರತೀನಿ" ಅನಬ್ಯಾಡ.

ಅಕಿ ಭಾಳ ಹೊತ್ತು ಸುಮ್ಮನ ಕುಂತ್ಲು. ಆಮ್ಯಾಲ ಫೋನ್ ತಗದು ಆ ಸಣ್ಣ ಹುಡುಗಿ ಫೋಟೊ ತೋರಿಸಿದ್ಲು. ಹೆಸರೇನು ಅಂತ ಕೇಳಿದೆ. ನೆನಪಿದ್ದಿಲ್ಲ. ಅಕಿ ಕಣ್ಣಾಗ ನೀರು ಬಂತು. ಅವತ್ತ ರಾತ್ರಿ ಅಲ್ಲಿನ ಸಭಾಪಾಲಕರಿಗೆ ಪತ್ರ ಬರದ್ಲು, ಹುಡುಗಿ ಹೆಸರು ಕೇಳಿ, ಸಾಲಿಗೆ ಏನ್ ಬೇಕು ಕೇಳಿ.

ಇದು ನಮ್ಮ ಚರ್ಚಿನ ಹುಡುಗ್ರಿಗಷ್ಟ ಹೇಳೂ ಮಾತಲ್ಲ. ನಿಮ್ಮ ಮಕ್ಕಳೂ ಎನ್ನೆಸ್ಸೆಸ್ ಕ್ಯಾಂಪ್ ಅಂತ ಹಳ್ಳಿಗೆ ಹೋಗ್ತಾರ, ಕಸ ಹೊಡದು ಫೋಟೊ ಹಾಕ್ತಾರ. ಬಂದಮ್ಯಾಲ ಒಮ್ಮೆ ಕೇಳ್ರಿ, ಆ ಊರಾಗ ಯಾರ ಮನ್ಯಾಗ ಉಂಡಿ, ಅವರ ಹೆಸರೇನು ಅಂತ.