ಬೂಸಾ ಪುರಾಣ

ಮೈಸೂರಿನಲ್ಲಿ ಈ ವಾರ ಟಾಂಗಾ ಕುದುರೆಯೊಂದರ ಮುಂದೆ ಬಕೆಟ್ ತುಂಬ ನೆನೆಸಿದ ಗೋಧಿ ಬೂಸಾ ಕಂಡೆ. ಹಸುವಿಗೆ ಒಗ್ಗಿದ್ದು ಕುದುರೆಗೂ ಒಗ್ಗೀತು ಎಂಬ ಲೆಕ್ಕ ನಮ್ಮಲ್ಲಿ ಹಳೆಯದು. ಹೊಟ್ಟೆಗಳು ಮಾತ್ರ ಆ ಲೆಕ್ಕ ಒಪ್ಪುವುದಿಲ್ಲ: ಹಸು ಮೇವನ್ನು ಮೊದಲು ಹುದುಗಿಸಿ ಆಮೇಲೆ ಅರಗಿಸುತ್ತದೆ, ಕುದುರೆ ಮೊದಲು ಅರಗಿಸಿ ಕೊನೆಗೆ ಹಿಂಗರುಳಿನಲ್ಲಿ ಹುದುಗಿಸುತ್ತದೆ. ಒಂದೇ ಸಲಕ್ಕೆ ರಾಶಿ ಧಾನ್ಯ ಸುರಿದರೆ ಅರಗದ ಪಿಷ್ಟ ಅಲ್ಲಿಗಿಳಿದು ಹುಳಿಯಾಗುತ್ತದೆ. ಹೊಟ್ಟೆಶೂಲೆ, ಗೊರಸಿನ ಉರಿಯೂತ ಹಿಂದೆಯೇ ಬರುತ್ತವೆ. ಇನ್ನು ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಎಂಟು ಹತ್ತು ಪಟ್ಟು ಹೆಚ್ಚು. ಅದೇ ಮುಖ್ಯ ಊಟವಾದರೆ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ. ಹಿಂದೆ ಇಂಗ್ಲಿಷರು ಇದನ್ನು ಹಿಟ್ಟಿನ ಗಿರಣಿಯವರ ಕುದುರೆಗಳ ಕಾಯಿಲೆ ಎಂದೇ ಕರೆಯುತ್ತಿದ್ದರು. ಬೂಸಾ ಅವರಿಗೆ ಪುಕ್ಕಟೆಯಲ್ಲವೇ! ಇದೇನೂ ಗುಟ್ಟಿನ ವಿದ್ಯೆಯಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2007ರಲ್ಲಿ ಪರಿಷ್ಕರಿಸಿದ ಕುದುರೆ ಪೋಷಣೆಯ ಗ್ರಂಥದಲ್ಲಿ ತೂಕ, ದುಡಿಮೆ, ಗರ್ಭಕ್ಕೆ ತಕ್ಕಂತೆ ಕೋಷ್ಟಕಗಳಿವೆ. ಆದರೆ ಅದು ಇಂಗ್ಲಿಷಿನಲ್ಲಿ, ನಮ್ಮ ಜಟಕಾವಾಲನ ಕೈಗೆಟುಕದ ಎತ್ತರದಲ್ಲಿ. ಅವನಿಗೆ ಸಿಗುವುದು ಅಂಗಡಿಯವನ ಮಾತು, ಮೊಬೈಲಿನ ವಿಡಿಯೊ. ಎರಡನ್ನೂ ಅಳೆಯಲು ನನ್ನದೊಂದು ಮಾನದಂಡವಿದೆ. ಕುದುರೆಯ ತೂಕ ಎಷ್ಟೆಂದು ಕೇಳದೆ ಮೇವು ಹೇಳುವವನನ್ನು ನಂಬಬೇಡಿ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 6 ಕಿಲೋ ಒಣಹುಲ್ಲು ಮೊದಲು ಬೀಳಲಿ. ಹುರುಳಿ, ಬೂಸಾದ ಮಾತು ಆಮೇಲೆ. ಪಶುವೈದ್ಯ ಕಾಲೇಜುಗಳು ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿ ಟಾಂಗಾ ನಿಲ್ದಾಣಗಳಲ್ಲಿ ಅಂಟಿಸಲಿ.