ರಾಜಕುಮಾರಿ ಗೌನು, ಸುಮ್ನೆ ಕೂರೋ ಕೂಸು

ಅಕ್ಕಂದಿರಾ, ಹುಟ್ಟಿದಬ್ಬದ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಕೇಕ್ ಕುಯ್ಲಿ, ಊಟ ಹಾಕ್ಲಿ. ಸಿಟ್ಟಿರೋದು ಈ 'ಪ್ರಿನ್ಸೆಸ್' ವೇಷದ ಮ್ಯಾಲೆ. ಈಗ ಶಿರಾ, ಮಧುಗಿರಿ ಕಡೇನೂ ಮೂರು ವರ್ಷದ ಹೆಣ್ಣು ಕೂಸಿಗೆ ನೆಲ ಗುಡ್ಸೋ ನೆಟ್ಟಿನ ಗೌನು, ತಲೆಗೊಂದು ಕಿರೀಟ. 2013ರಲ್ಲಿ ಬಂದ 'ಫ್ರೋಜನ್' ಸಿನಿಮಾದ ಎಲ್ಸಾ ಹಿಮದ ರಾಣಿ ಕಣ್ರಮ್ಮ. ಅವಳ ಬಟ್ಟೇನ ಪಾವಗಡದ ಬಿಸಿಲಲ್ಲಿ ತೊಡಿಸಿದ್ರೆ ಕೂಸು ಕತ್ತು, ಕಂಕುಳು ಕೆರ್ಕೊಂಡು ಅಳದೆ ಇನ್ನೇನ್ ಮಾಡಾತು?

ಗಂಡುಡುಗನಿಗಾದ್ರೆ ಸ್ಪೈಡರ್‌ಮ್ಯಾನ್. ಅವನು ಕುರ್ಚಿ ಹತ್ತಿ ಹಾರಿದ್ರೆ 'ಏನ್ ಚುರುಕು' ಅಂತೀವಿ. ಇವಳು ಓಡಾಕೆ ಹೊಂಟ್ರೆ 'ಗೌನು ಕೊಳೆಯಾಗ್ತದೆ, ರಾಜಕುಮಾರಿ ಹಂಗೆ ಕೂತ್ಕೊ' ಅಂತೀವಿ. ಬಾಡಿಗೆ ಗೌನು ಮಾರನೇ ದಿನ ವಾಪಸ್ ಹೋಗ್ತದೆ, 'ಸುಮ್ನೆ ಕೂತ್ಕೊ' ಅನ್ನೋದು ಮನೇಲೇ ಉಳ್ಕಂತದೆ.

'ರಾಣಿ ಹಂಗೆ ಕಂಡ್ರೆ ತಪ್ಪೇನು' ಅಂತ ಕೇಳೋರವ್ರೆ. ಯಾವ ರಾಣಿ ಅಂತೀನಿ ನಾನು. ಕೆಳದಿ ಚೆನ್ನಮ್ಮ ಔರಂಗಜೇಬನಿಗೆ ಹೆದರದೆ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟೋಳು. ಕಿತ್ತೂರು ಚೆನ್ನಮ್ಮ 1824ರಲ್ಲಿ ಕಂಪನಿ ಸೈನ್ಯಕ್ಕೆ ಎದುರು ನಿಂತೋಳು. ಪಕ್ಕದ ಚಿತ್ರದುರ್ಗದ ಓಬವ್ವ ರಾಣೀನೂ ಅಲ್ಲ, ಕೋಟೆ ಕಾವಲುಗಾರನ ಹೆಂಡ್ತಿ. ಇವ್ರ ವೇಷ ಯಾಕೆ ಯಾರಿಗೂ ನೆಪ್ಪಾಗಲ್ಲ? ಒನಕೆ ಬೇಕಂದ್ರೆ ನಮ್ಮ ಅಟ್ಟದ ಮ್ಯಾಲೆ ಐತೆ, ಬಾಡಿಗೆ ಕೇಳಲ್ಲ.

ವೇಷಾನೇ ಬ್ಯಾಡ ಅನ್ನೋರು ಕಾಟನ್ ಅಂಗಿ, ಚಡ್ಡಿ ಹಾಕಿ ಹುಡುಗರ ಜೊತೆ ಆಡಾಕೆ ಬಿಡ್ರಮ್ಮ. ಕೇಕು ಹೆಂಗೂ ಎಲ್ಲವೂ ಮೈಗೇ ಮೆತ್ಕಂತವೆ.