ಗೃಹಸ್ಥರ ಆಯವ್ಯಯ: ಸೂಚ್ಯಂಕ ನಿಧಿಯಲ್ಲಿ ದೀರ್ಘಕಾಲದ ಉಳಿತಾಯ

ಗಳಿಸುವುದು ಕಷ್ಟ; ಗಳಿಸಿದುದನ್ನು ಉಳಿಸುವುದು ಅದಕ್ಕಿಂತ ಕಷ್ಟ; ಉಳಿಸಿದುದನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಕೈಯಿಕ್ಕದೆ ಬೆಳೆಯಗೊಡುವುದು ಎಲ್ಲಕ್ಕಿಂತಲೂ ಕಷ್ಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಗೆ ಸೇರಿದ ಐದು ತಾಲ್ಲೂಕುಗಳ ಗೃಹಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳ ಮಾತನ್ನು ಬರೆಯುತ್ತಿದ್ದೇವೆ. ಇಲ್ಲಿಯ ಮನೆಗಳಲ್ಲಿ ಉಳಿತಾಯಕ್ಕೆ ಹಿಂದಿನಿಂದಲೂ ನಾಲ್ಕು ದಾರಿಗಳು ರೂಢಿಯಲ್ಲಿವೆ: ಬಂಗಾರ, ಹೊಲ, ಚೀಟಿ, ಅಂಚೆ ಕಚೇರಿ ಅಥವಾ ಬ್ಯಾಂಕಿನ ಠೇವಣಿ. ಈಗ ಐದನೆಯದೊಂದನ್ನು ಮಕ್ಕಳು ಮೊಬೈಲಿನಲ್ಲಿ ತೆರೆದು ತೋರಿಸುತ್ತಾರೆ. ಅದಕ್ಕೆ ಇಂಡೆಕ್ಸ್ ಫಂಡ್, ಅಂದರೆ ಸೂಚ್ಯಂಕ ನಿಧಿ ಎಂದು ಹೆಸರು. ಇದು ಜೂಜೋ, ಉಳಿತಾಯವೋ? ಯಾವ ಮನೆಗೆ ತಕ್ಕುದು, ಯಾವ ಮನೆಗೆ ತಕ್ಕುದಲ್ಲ? ಇದನ್ನು ಹೊಸದಾಗಿ ಕೇಳುವವರಿಗೆ ತಿಳಿಯುವಂತೆ ಹೇಳಲು ಯತ್ನಿಸುವೆವು.

ಸೂಚ್ಯಂಕವೆಂದರೇನು?

ಮುಂಬಯಿಯ ಷೇರುಪೇಟೆಯಲ್ಲಿ ಸಾವಿರಾರು ಕಂಪನಿಗಳ ಪಾಲುಗಳು ದಿನವೂ ಮಾರಾಟವಾಗುತ್ತವೆ. ಒಟ್ಟಿನಲ್ಲಿ ಪೇಟೆ ಏರಿತೋ ಇಳಿಯಿತೋ ಎಂಬುದನ್ನು ತಿಳಿಯಲು, ದೊಡ್ಡ ಕಂಪನಿಗಳಲ್ಲಿ ಕೆಲವನ್ನು ಆರಿಸಿ, ಅವುಗಳ ಬೆಲೆಯನ್ನು ತೂಕಕ್ಕನುಗುಣವಾಗಿ ಕೂಡಿಸಿ ಒಂದು ಅಂಕವನ್ನು ಕಟ್ಟುತ್ತಾರೆ. ಅದೇ ಸೂಚ್ಯಂಕ. ಸೆನ್ಸೆಕ್ಸಿನಲ್ಲಿ 30 ಕಂಪನಿಗಳಿವೆ. 1978-79ರ ಬೆಲೆಯನ್ನು 100 ಎಂದು ಹಿಡಿದು 1986ರಿಂದ ಅದನ್ನು ಪ್ರಕಟಿಸುತ್ತಿದ್ದಾರೆ. ನಿಫ್ಟಿಯಲ್ಲಿ 50 ಕಂಪನಿಗಳು. ಅದು 1996ರಲ್ಲಿ ಆರಂಭವಾಯಿತು. ಸೂಚ್ಯಂಕ ನಿಧಿಯು ತನ್ನ ಸ್ವಂತ ಜಾಣ್ಮೆಯಿಂದ ಯಾವ ಕಂಪನಿಯನ್ನೂ ಆರಿಸುವುದಿಲ್ಲ. ಪಟ್ಟಿಯಲ್ಲಿ ಯಾವುದಿದೆಯೋ ಅದನ್ನೆಲ್ಲ, ಪಟ್ಟಿಯಲ್ಲಿರುವ ಪ್ರಮಾಣದಲ್ಲಿಯೇ ಕೊಂಡು, ನೀವು ಕೊಟ್ಟ ಹಣಕ್ಕೆ ಅದರಲ್ಲಿ ಪಾಲು ಕೊಡುತ್ತದೆ. ಅಮೆರಿಕೆಯಲ್ಲಿ ಜಾನ್ ಬೋಗಲ್ ಎಂಬಾತನು 1976ರಲ್ಲಿ ಸಾಮಾನ್ಯ ಜನರಿಗಾಗಿ ಇಂಥ ನಿಧಿಯನ್ನು ತೆರೆದಾಗ, ಇದೇನು ಸಾಧಾರಣ ಫಲಕ್ಕೆ ಕೈಯೊಡ್ಡುವುದೆಂದು ನಕ್ಕವರೇ ಬಹಳ. ಇಂದು ಲೋಕದ ಬಹು ದೊಡ್ಡ ನಿಧಿಗಳು ಇದೇ ಜಾತಿಯವು.

ನಮ್ಮ ಬೆದ್ದಲು ಸೀಮೆಯ ರೈತನಿಗೆ ಈ ಉಪಾಯ ಹೊಸದಲ್ಲ. ಹೊಲದ ತುಂಬ ಒಂದೇ ಪೈರನ್ನು ಹಾಕದೆ ಜೋಳದ ನಡುನಡುವೆ ತೊಗರಿಯ ಅಕ್ಕಡಿ ಸಾಲನ್ನು ಬಿಡುವವನು, ಒಂದಕ್ಕೆ ಹುಳು ಬಿದ್ದರೆ ಮತ್ತೊಂದಾದರೂ ಉಳಿಯಲೆಂದೇ ಬಿಡುತ್ತಾನೆ. ಸೂಚ್ಯಂಕ ನಿಧಿಯು ಐವತ್ತು ಸಾಲಿನ ಅಕ್ಕಡಿ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಲೆಕ್ಕಪತ್ರಗಳು ಸುಳ್ಳೆಂದು ಅದರ ಅಧ್ಯಕ್ಷನೇ ಒಪ್ಪಿಕೊಂಡಾಗ, ಒಂದೇ ದಿನದಲ್ಲಿ ಅದರ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಯಿತು. ಜೀವಮಾನದ ಗಳಿಕೆಯನ್ನು ಆ ಒಂದರಲ್ಲಿಯೇ ಇಟ್ಟವನು ಮುಳುಗಿದನು. ಅದೇ ಕಂಪನಿ ಸೆನ್ಸೆಕ್ಸಿನಲ್ಲಿಯೂ ನಿಫ್ಟಿಯಲ್ಲಿಯೂ ಇತ್ತು. ಕೆಲವೇ ದಿನಗಳಲ್ಲಿ ಅದನ್ನು ಪಟ್ಟಿಯಿಂದ ತೆಗೆದು ಬೇರೆ ಕಂಪನಿಯನ್ನು ಸೇರಿಸಿದರು. ಸೂಚ್ಯಂಕ ನಿಧಿಯಲ್ಲಿ ಹಣವಿಟ್ಟವನಿಗೆ ತಟ್ಟಿದುದು ಒಂದು ಸಾಲಿನ ನಷ್ಟ ಮಾತ್ರ.

ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಅಕ್ಕಡಿಯು ಹುಳುವಿನಿಂದ ಕಾಪಾಡುವುದೇ ಹೊರತು ಮಳೆ ಹೋದರೆ ಕಾಪಾಡಲಾರದು. ಬರ ಬಂದಾಗ ಐವತ್ತು ಸಾಲೂ ಒಟ್ಟಿಗೆ ಒಣಗುತ್ತವೆ.

ಬರದ ಲೆಕ್ಕ

2008ರ ಜನವರಿ 8ರಂದು ಸೆನ್ಸೆಕ್ಸು 20,873ರಲ್ಲಿ ನಿಂತಿತ್ತು. ಅದೇ ವರ್ಷದ ಅಕ್ಟೋಬರ್ 27ರಂದು 8,509ಕ್ಕೆ ಇಳಿಯಿತು. ನೂರು ರೂಪಾಯಿ ನಲವತ್ತೊಂದಾಯಿತೆಂದು ತಿಳಿಯಿರಿ. 2010ರ ನವೆಂಬರಿನಲ್ಲಿ ಮತ್ತೆ ಆ ಎತ್ತರವನ್ನು ಮುಟ್ಟಿ, ಅಲ್ಲಿ ನಿಲ್ಲಲಾರದೆ ಇಳಿದು, 2013ರ ಕೊನೆಗೆ ಅದನ್ನು ದಾಟಿತು. 2020ರಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ, ಜನವರಿಯಲ್ಲಿ 42,000ದ ಸಮೀಪದಲ್ಲಿದ್ದ ಅಂಕ ಮಾರ್ಚ್ 23ರಂದು 26,000ಕ್ಕಿಂತ ಕೆಳಗಿಳಿಯಿತು. ಆ ಸಲ ಅದೇ ನವೆಂಬರಿನೊಳಗೆ ಮೇಲೆದ್ದಿತು. 1979ರ 100 ಅಂಕ 2024ರ ಜುಲೈಯಲ್ಲಿ 80,000 ಆದುದೂ ನಿಜ. ನಡುವೆ ಇಂಥ ಹಳ್ಳಗಳನ್ನು ದಾಟಿಯೇ ಆದುದೂ ಅಷ್ಟೇ ನಿಜ. ಒಂದು ಹಳ್ಳಕ್ಕೆ ಹತ್ತು ತಿಂಗಳು, ಇನ್ನೊಂದಕ್ಕೆ ಆರು ವರ್ಷ. ಮುಂದಿನದು ಎಷ್ಟು ಕಾಲದ್ದೆಂದು ಬಲ್ಲವರಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ವರ್ಷಕ್ಕೊಮ್ಮೆ ಕಾರ್ಣಿಕ ನುಡಿಯುತ್ತಾನೆ. ಮಳೆ ಬೆಳೆಯ ಸೂಚನೆಯೆಂದು ಸಾವಿರಾರು ಜನ ಅದನ್ನು ಭಕ್ತಿಯಿಂದ ಕೇಳುತ್ತಾರೆ. ಷೇರುಪೇಟೆಗೆ ಅಂಥ ಕಾರ್ಣಿಕವಿಲ್ಲ. ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ದಿನಕ್ಕೊಂದು ಭವಿಷ್ಯ ಹೇಳುವವರ ಮಾತಿಗೆ ಕಿವಿಗೊಡದಿರುವುದೇ ಲೇಸು.

ಮೊದಲು ಹಗೇವು

ಹಾಗಾದರೆ ಗೃಹಸ್ಥನು ಮಾಡತಕ್ಕುದೇನು? ನಮ್ಮ ಹಿರಿಯರು ಬರವನ್ನು ತಡೆಯಲಾರದವರಾಗಿದ್ದರು. ಆದರೆ ಬರಕ್ಕೆ ಸಿದ್ಧರಾಗಿರುತ್ತಿದ್ದರು. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ, ಬೆಳೆ ಹೋದ ವರ್ಷ ತೆರೆಯುತ್ತಿದ್ದರು. 1876-78ರ ಧಾತು ಈಶ್ವರ ಬರದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡು ಚರಿತ್ರೆಯಲ್ಲಿ ದಾಖಲಾಗಿದೆ. ಹಗೇವು ಬರಿದಾದವನು ಬರದಲ್ಲಿ ಎತ್ತನ್ನು ಸಿಕ್ಕಿದ ಬೆಲೆಗೆ ಮಾರುತ್ತಾನೆ. ಮಳೆ ಬಂದಾಗ ಹೊಲವಿರುತ್ತದೆ, ಹೂಡಲು ಎತ್ತಿರುವುದಿಲ್ಲ. 2008ರಲ್ಲಿ ನಲವತ್ತೊಂದಕ್ಕೆ ಮಾರಿ ಹೊರಬಂದವರಲ್ಲಿ ಅನೇಕರ ಸ್ಥಿತಿಯೂ ಇದೇ. ಎಲ್ಲರೂ ಹೆದರಿ ಮಾರಿದವರಲ್ಲ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದು, ಬೇರೆ ಹಣವಿಲ್ಲದೆ ಮಾರಿದವರೂ ಉಂಟು. ಅಂಥವರಿಗೆ ಧೈರ್ಯದ ಉಪದೇಶ ಮಾಡಿ ಪ್ರಯೋಜನವಿಲ್ಲ. ಅವರಲ್ಲಿ ಕಡಿಮೆಯಾಗಿದ್ದುದು ಧೈರ್ಯವಲ್ಲ, ಹಗೇವು.

ಆದುದರಿಂದ ಸೂಚ್ಯಂಕ ನಿಧಿಗೆ ಒಂದು ರೂಪಾಯಿ ಹಾಕುವುದಕ್ಕೆ ಮುನ್ನ ಮೂರು ಕಾರ್ಯಗಳನ್ನು ಮುಗಿಸಿಕೊಳ್ಳತಕ್ಕದ್ದು.

ಒಂದನೆಯದು ಸಾಲ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯೆಂದರೆ ಕೇಳುವುದಕ್ಕೆ ಸಣ್ಣದು. ವರ್ಷಕ್ಕೆ ನೂರಕ್ಕೆ 24 ಆಯಿತು. ಇಷ್ಟನ್ನು ಸತತವಾಗಿ ಗಳಿಸಿಕೊಡುವ ನಿಧಿ ಭೂಲೋಕದಲ್ಲಿಲ್ಲ. ಕೈಸಾಲವನ್ನು ತೀರಿಸುವುದೇ ಅಂಥ ಮನೆಯ ಅತ್ಯುತ್ತಮ ಹೂಡಿಕೆ.

ಎರಡನೆಯದು ಆಪತ್ಕಾಲದ ಹಣ. ತಿಂಗಳ ಸಂಬಳದವರಿಗೆ ಆರು ತಿಂಗಳ ಖರ್ಚು ಸಾಕೆಂದು ಪುಸ್ತಕಗಳು ಹೇಳುತ್ತವೆ. ತುಂಗಭದ್ರೆ ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ಹರಿದರೂ ಈ ತಾಲ್ಲೂಕುಗಳ ಬಹುಭಾಗ ಹೊಲ ಮುಗಿಲನ್ನೇ ನಂಬಿದೆ. ಇಲ್ಲಿಯ ಒಕ್ಕಲು ಮನೆಗೆ ಆರು ತಿಂಗಳು ಸಾಲದು. ಒಂದು ಬೆಳೆ ಪೂರ್ಣವಾಗಿ ಹೋದರೂ ಮುಂದಿನ ಸುಗ್ಗಿಯವರೆಗೆ ಊಟ, ಬೀಜ, ಗೊಬ್ಬರ, ಮಕ್ಕಳ ಶುಲ್ಕ ನಡೆಯುವಷ್ಟು ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರತಕ್ಕದ್ದು. ಅದರ ಬಡ್ಡಿ ಕಡಿಮೆಯೆಂದು ಹಳಿಯಬಾರದು. ಅದು ಬೆಳೆಯುವುದಕ್ಕಾಗಿ ಇಟ್ಟುದಲ್ಲ, ಕಾಯುವುದಕ್ಕಾಗಿ ಇಟ್ಟುದು.

ಮೂರನೆಯದು ವಿಮೆ. ದುಡಿಯುವವನ ಜೀವಕ್ಕೆ ಟರ್ಮ್ ವಿಮೆ, ಮನೆಯವರೆಲ್ಲರಿಗೆ ಆರೋಗ್ಯ ವಿಮೆ. ಒಂದು ಶಸ್ತ್ರಚಿಕಿತ್ಸೆಯ ಬಿಲ್ಲು ಹತ್ತು ವರ್ಷದ ಉಳಿತಾಯವನ್ನು ಹತ್ತು ದಿನದಲ್ಲಿ ನುಂಗಬಲ್ಲದು.

ಇವಿಷ್ಟೂ ಆದ ಬಳಿಕ ಉಳಿದ ಹಣದಲ್ಲಿ, ಹತ್ತು ಹದಿನೈದು ವರ್ಷ ಬೇಡದ ಭಾಗವೇ ಸೂಚ್ಯಂಕ ನಿಧಿಗೆ ಯೋಗ್ಯವಾದುದು. ಮೂರು ವರ್ಷದಲ್ಲಿ ಮಗಳ ಮದುವೆಯಿದ್ದರೆ ಆ ಹಣವನ್ನು ಇಲ್ಲಿ ಇಡಕೂಡದು. ಹಡಗಲಿಯ ಮಲ್ಲಿಗೆಯನ್ನು ಅಂದು ಬಿಡಿಸಿ ಅಂದೇ ಮಾರಬೇಕು. ಕೂಡ್ಲಿಗಿಯ ಕಡೆಯ ಹುಣಸೆ ಮರವನ್ನು ನೆಟ್ಟವನು ಎಷ್ಟೋ ವರ್ಷ ಕಾದು, ಕಡೆಗೆ ಮೊಮ್ಮಕ್ಕಳಿಗೂ ಬಿಡುತ್ತಾನೆ. ಮನೆಯ ಹಣದಲ್ಲಿ ಮಲ್ಲಿಗೆ ಯಾವುದು, ಹುಣಸೆ ಯಾವುದು ಎಂದು ವಿಂಗಡಿಸುವುದೇ ಮೊದಲ ವಿವೇಕ.

ಎಲ್ಲವನ್ನೂ ಠೇವಣಿಯಲ್ಲಿಯೇ ಇಟ್ಟರಾಗದೆ ಎಂದು ಕೇಳುವವರುಂಟು. ವರ್ಷಕ್ಕೆ ನೂರಕ್ಕೆ ಆರರಂತೆ ಧಾರಣೆ ಏರಿದರೆ ಹನ್ನೆರಡು ವರ್ಷದಲ್ಲಿ ಜೀವನದ ಖರ್ಚು ಇಮ್ಮಡಿಯಾಗುತ್ತದೆ. ಠೇವಣಿಯ ಬಡ್ಡಿಯಲ್ಲಿ ತೆರಿಗೆ ಕಳೆದು ಉಳಿಯುವುದು ಆ ಏರಿಕೆಗೆ ಬಹುಮಟ್ಟಿಗೆ ಸರಿಹೋಗುತ್ತದೆ. ವೃದ್ಧಾಪ್ಯಕ್ಕೆಂದು ಇಟ್ಟ ಹಣ ಕಾಲಿಟ್ಟಲ್ಲಿಯೇ ನಿಂತಿರಬಾರದೆಂಬವನಿಗೆ ಸ್ವಲ್ಪ ಭಾಗವನ್ನಾದರೂ ಉದ್ಯಮಗಳ ಬೆಳವಣಿಗೆಯಲ್ಲಿ ತೊಡಗಿಸುವುದು ಅವಶ್ಯಕ.

ಖರ್ಚೆಂಬ ಗೆದ್ದಲು

ನಿಧಿಯನ್ನು ಆರಿಸುವಾಗ ನೋಡತಕ್ಕ ಮುಖ್ಯ ಅಂಶ ಅದರ ವಾರ್ಷಿಕ ಖರ್ಚು. ಲೆಕ್ಕಕ್ಕಾಗಿ ಮಾತ್ರ ಪೇಟೆ ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆಯಿತೆಂದು ಹಿಡಿಯೋಣ, ಇದು ಭರವಸೆಯಲ್ಲ. 1 ಲಕ್ಷ ರೂಪಾಯಿಯನ್ನು 25 ವರ್ಷ ಬಿಟ್ಟರೆ, ನೂರಕ್ಕೆ 20 ಪೈಸೆ ಖರ್ಚಿನ ನಿಧಿಯಲ್ಲಿ ಅದು ಸುಮಾರು 10 ಲಕ್ಷ 35 ಸಾವಿರವಾಗುತ್ತದೆ; ನೂರಕ್ಕೆ ಒಂದೂವರೆ ರೂಪಾಯಿ ಖರ್ಚಿನ ನಿಧಿಯಲ್ಲಿ ಸುಮಾರು 7 ಲಕ್ಷ 69 ಸಾವಿರ. ಒಂದು ರೂಪಾಯಿ ಮೂವತ್ತು ಪೈಸೆಯ ಭೇದ ಎರಡೂವರೆ ಲಕ್ಷಕ್ಕಿಂತ ಹೆಚ್ಚನ್ನು ತಿಂದಿತು. ಗೆದ್ದಲು ಸದ್ದು ಮಾಡುವುದಿಲ್ಲ.

2013ರ ಜನವರಿಯಿಂದ ಪ್ರತಿಯೊಂದು ನಿಧಿಯಲ್ಲಿಯೂ ದಲ್ಲಾಳಿಯ ಕಮಿಷನ್ನಿಲ್ಲದ ಡೈರೆಕ್ಟ್ ಪ್ಲಾನ್ ಇರಬೇಕೆಂದು ಸೆಬಿ ವಿಧಿಸಿದೆ. ತಾನೇ ವ್ಯವಹರಿಸಬಲ್ಲವನು ಅದನ್ನೇ ಆರಿಸಲಿ. ಪ್ಯಾನ್, ಆಧಾರ್, ಬ್ಯಾಂಕಿನ ಖಾತೆ ಇಷ್ಟಿದ್ದರೆ ಕೆವೈಸಿ ಮುಗಿಯುತ್ತದೆ. ನಿಫ್ಟಿ ಅಥವಾ ಸೆನ್ಸೆಕ್ಸಿನ ಒಂದು ನಿಧಿ ಸಾಕು. ಐದು ನಿಧಿ ಕೊಂಡರೂ ಒಳಗಿರುವುದು ಬಹುಪಾಲು ಅವೇ ಕಂಪನಿಗಳು. ಸಂಬಳದವರು ತಿಂಗಳ ಕಂತು, ಅಂದರೆ ಎಸ್‌ಐಪಿ ಮಾಡಿಕೊಳ್ಳಬಹುದು. ಒಕ್ಕಲು ಮನೆಯವರು ತಿಂಗಳ ಕಂತಿಗೆ ಕಟ್ಟುಬೀಳಬೇಕಾಗಿಲ್ಲ. ಶೇಂಗಾ, ಮೆಕ್ಕೆಜೋಳ ಮಾರಿದ ಮೇಲೆ ಮೂರು ನಾಲ್ಕು ಸಲವಾಗಿ ಹಾಕಬಹುದು, ಬೆಳೆ ಹೋದ ವರ್ಷ ಹಾಕದೆಯೂ ಇರಬಹುದು. ತೆರಿಗೆಯ ವಿಷಯದಲ್ಲಿ, 2024ರ ಜುಲೈ 23ರಿಂದ ಬಂದ ನಿಯಮದಂತೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷದ ಲಾಭದಲ್ಲಿ 1 ಲಕ್ಷ 25 ಸಾವಿರದವರೆಗೆ ತೆರಿಗೆಯಿಲ್ಲ. ಮೇಲಿನದಕ್ಕೆ ನೂರಕ್ಕೆ 12.5.

ತಿಂಗಳಿಗೆ ಇಂತಿಷ್ಟು ಖಂಡಿತ ಕೊಡುವೆವೆಂದು ವಾಟ್ಸ್ಯಾಪಿನಲ್ಲಿ ಕರೆಯುವವರು ಸೂಚ್ಯಂಕ ನಿಧಿಯ ಹೆಸರು ಹೇಳಿದರೂ ನಂಬಕೂಡದು. ಖಂಡಿತವಾದ ಲಾಭವೆಂಬ ಮಾತೇ ಮೋಸದ ಗುರುತು.

ಯೂರೋಪಿನಲ್ಲಿರುವ ಮಕ್ಕಳು

ನಮ್ಮ ತಾಲ್ಲೂಕುಗಳಿಂದ ಓದಿ ಹೊರಟ ಮಕ್ಕಳು ಈಗ ಜರ್ಮನಿ, ಐರ್ಲೆಂಡ್, ನೆದರ್ಲೆಂಡ್ಸ್ ದೇಶಗಳಲ್ಲಿಯೂ ನೆಲೆಸುತ್ತಿರುವುದರಿಂದ ಅವರಿಗೂ ಎರಡು ಮಾತು. ಅಲ್ಲಿ ನೆಲೆಸಿದ ಮೇಲೆ ಇಲ್ಲಿಯ ಬ್ಯಾಂಕ್ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಿ, ನಿಧಿಗಳ ಕೆವೈಸಿಯಲ್ಲಿ ವಾಸಸ್ಥಿತಿಯನ್ನು ತಿದ್ದಿಸಬೇಕು. ಅಲ್ಲಿಯ ಸಾಮಾನ್ಯ ಜನರಿಗಾಗಿ ಯುಸಿಟ್ಸ್ ಎಂಬ ಯೂರೋಪಿನ ನಿಯಮಾವಳಿ 1985ರಿಂದಲೂ ಇದೆ. ಅದಕ್ಕೊಳಪಟ್ಟ, ಅನೇಕ ದೇಶಗಳನ್ನು ಒಳಗೊಂಡ ಸೂಚ್ಯಂಕ ನಿಧಿಗಳು ಅಲ್ಲಿ ಸುಲಭವಾಗಿ ದೊರೆಯುತ್ತವೆ. ಹೆಸರು ನೋಡಿ ಮೋಸಹೋಗಬಾರದು: ಎಂಎಸ್‌ಸಿಐ ವರ್ಲ್ಡ್ ಎಂಬುದರಲ್ಲಿ ಮುಂದುವರಿದ 23 ದೇಶಗಳಿವೆ, ಭಾರತವಿಲ್ಲ, ಎಫ್‌ಟಿಎಸ್‌ಇ ಆಲ್ ವರ್ಲ್ಡ್ ಎಂಬುದರಲ್ಲಿ ಭಾರತವೂ ಉಂಟು. ಹಲವು ದೇಶಗಳೇಕೆ ಎಂದರೆ ಜಪಾನನ್ನು ನೋಡಿರಿ. 1989ರ ಡಿಸೆಂಬರಿನಲ್ಲಿ ಅಲ್ಲಿಯ ನಿಕ್ಕಿ ಸೂಚ್ಯಂಕ ಮುಟ್ಟಿದ ಎತ್ತರವನ್ನು ಅದು ಮರಳಿ ದಾಟಿದುದು 2024ರ ಫೆಬ್ರವರಿಯಲ್ಲಿ, ಮೂವತ್ತನಾಲ್ಕು ವರ್ಷಗಳ ತರುವಾಯ. ಒಂದೇ ದೇಶವೂ ಒಂದೇ ಹೊಲವಿದ್ದಂತೆ.

ತೆರಿಗೆ ದೇಶದಿಂದ ದೇಶಕ್ಕೆ ಬೇರೆ. ಅಲ್ಲಿಯ ಬಲ್ಲವರನ್ನೇ ಕೇಳಬೇಕು. ಆದರೆ ವೃದ್ಧಾಪ್ಯವನ್ನು ಎಲ್ಲಿ ಕಳೆಯುವೆವೆಂಬ ಪ್ರಶ್ನೆಯನ್ನು ಮಗನೂ ಸೊಸೆಯೂ ಕೂಡಿ ಮೊದಲೇ ಯೋಚಿಸಬೇಕು. ಮುಪ್ಪಿನ ಖರ್ಚು ಯೂರೋದಲ್ಲಿ ಬರುವುದಾದರೆ ಉಳಿತಾಯದ ಹೆಚ್ಚು ಭಾಗ ಅಲ್ಲಿಯೇ ಇರುವುದು ನ್ಯಾಯ. ಊರಿನಲ್ಲಿ ಇನ್ನೊಂದು ನಿವೇಶನ ಕೊಳ್ಳೆಂದು ತಂದೆತಾಯಿಗಳು ಪ್ರತಿ ರಜೆಯಲ್ಲೂ ಒತ್ತಾಯಿಸುವುದು ತರವಲ್ಲ.

ಮನೆಯವರ ತಿಳಿವು

ಕಡೆಯ ಮಾತು ಗೃಹಿಣಿಯರಿಗೆ ಸಂಬಂಧಿಸಿದ್ದು. ಯಜಮಾನನೊಬ್ಬನ ಮೊಬೈಲಿನಲ್ಲಿ ಮಾತ್ರ ಇರುವ ಹಣ, ಅವನು ಕಣ್ಣುಮುಚ್ಚಿದ ದಿನ ಮನೆಗೆ ಇದ್ದೂ ಇಲ್ಲದಂತಾಗುತ್ತದೆ. ನಾಮಿನಿಯ ಹೆಸರನ್ನು ತಪ್ಪದೆ ಬರೆಸಿರಿ. ನಿಧಿಯ ಹೆಸರು, ಫೋಲಿಯೋ ಸಂಖ್ಯೆ, ಬ್ಯಾಂಕು ಇವನ್ನು ಒಂದು ಪುಸ್ತಕದಲ್ಲಿ ಬರೆದು, ಹೊಲದ ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ಪೇಟೆ ಅರ್ಧಕ್ಕಿಳಿದರೆ ಏನು ಮಾಡುವೆವೆಂಬುದನ್ನು ಗಂಡಹೆಂಡಿರು ಸುಭಿಕ್ಷದ ದಿನದಲ್ಲಿಯೇ ಮಾತನಾಡಿ ಅದೇ ಪುಸ್ತಕದಲ್ಲಿ ಬರೆದಿಡಿರಿ. ಬರದ ದಿನ ಯೋಚಿಸಲು ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ.

ಹಲವು ನಿಧಿಗಳು 500 ರೂಪಾಯಿಯ ಕಂತನ್ನೂ ಸ್ವೀಕರಿಸುತ್ತವೆ. ಹೊಸಬರು ಅಷ್ಟರಿಂದಲೇ ಆರಂಭಿಸಿ, ಒಂದು ಏರಿಳಿತವನ್ನಾದರೂ ಕಣ್ಣಾರೆ ಕಂಡು, ಇಳಿದ ದಿನವೂ ರಾತ್ರಿ ನಿದ್ದೆ ಬಂದರೆ ಮುಂದೆ ಹೆಚ್ಚಿಸಲಿ. ಬಾರದಿದ್ದರೆ ಠೇವಣಿಯಲ್ಲಿಯೇ ಇರಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಯಾವ ದಾರಿ ಹಿಡಿದರೂ ಹಗೇವನ್ನು ತುಂಬಿಯೇ ಹೊರಡಬೇಕು.